ವುಝೂ ಯಂತ್ರದಿಂದ ಅಮೃತ ಮಹಲ್ ಕಾವಲಿನವರೆಗೆ: ಯಂತ್ರಮಾನವನ ಒಂದು ಚರಿತ್ರೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ನಮಗೆ ಅಮೃತ ಮಹಲ್ ರಾಸುಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಬೂದು ಮೈಬಣ್ಣ, ಹಿಂದಕ್ಕೆ ಬಾಗಿ ಮೇಲಕ್ಕೇರಿದ ಚೂಪಾದ ಕೊಂಬುಗಳು, ಅಪರಿಚಿತರನ್ನು ಹತ್ತಿರ ಸೇರಿಸದ ಬಿರುಸು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವೂ ಬೀರೂರು, ಬಾಸೂರು, ಲಿಂಗದಹಳ್ಳಿಯ ಕಾವಲುಗಳೂ ಇಂದಿಗೂ ಈ ತಳಿಯನ್ನು ಉಳಿಸಿಕೊಂಡು ಬಂದಿವೆ. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿದ್ದ ಈ ಇಲಾಖೆಗೆ 'ಅಮೃತ ಮಹಲ್' ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು. ಅವರ ತಂದೆ ಹೈದರ್ ಅಲಿಯವರು ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿ ಚಿದಂಬರವನ್ನು ತಲುಪಿದರೆಂದು ಬ್ರಿಟಿಷರ ಬರಹಗಳೇ ಹೇಳುತ್ತವೆ.

ಯಂತ್ರಮಾನವನ ಕುರಿತು ಬರೆಯಹೊರಟವರು ದನಗಳ ಮಾತನ್ನೇಕೆ ಎತ್ತಿದರೆಂದು ಓದುಗರಿಗೆ ಅನಿಸಬಹುದು. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಿದ ಅದೇ ಆಸ್ಥಾನದಲ್ಲಿ ನಮ್ಮ ನಾಡಿನ ಅತ್ಯಂತ ಪ್ರಸಿದ್ಧ ಯಂತ್ರಪ್ರಾಣಿಯೂ ಇತ್ತು. ಆ ಎತ್ತುಗಳಿಗೆಂದು ಮೀಸಲಿಟ್ಟಿದ್ದ ಕಾವಲುಗಳಲ್ಲೊಂದರ ಮೇಲೆ ಇಂದು ಚಾಲಕನಿಲ್ಲದ ವಿಮಾನಗಳು ಹಾರುತ್ತಿವೆ. ಈ ಎರಡರ ನಡುವೆ ನಮಗೆ ಸಂಬಂಧಪಟ್ಟ ಚರಿತ್ರೆಯೊಂದಿದೆ.

ಟಿಪ್ಪುವಿನ ಹುಲಿಯ ವಿಷಯ ಬಹಳ ಮಂದಿ ಕೇಳಿರುತ್ತಾರೆ. ಯುರೋಪಿನ ಸೈನಿಕನೊಬ್ಬನನ್ನು ಕೆಡವಿಕೊಂಡು ಅವನ ಮೇಲೆರಗಿದ, ಜೀವಂತ ಹುಲಿಯಷ್ಟೇ ಗಾತ್ರದ ಮರದ ಹುಲಿ ಅದು. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಸೈನಿಕನ ಗಂಟಲಿನಿಂದ ಆರ್ತನಾದವೂ ಹುಲಿಯ ತಲೆಯಿಂದ ಗುರುಗುಟ್ಟುವಿಕೆಯೂ ಹೊರಡುತ್ತವೆ. ಸೈನಿಕನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯಲ್ಲಿ ಹದಿನೆಂಟು ಕೀಲಿಗಳ ಪುಟ್ಟ ವಾದ್ಯವೊಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಕಂಪನಿಯವರು ಅದನ್ನು ಲಂಡನ್ನಿಗೆ ಸಾಗಿಸಿದರು. ಈಗ ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಅಭಿಮಾನದ ಭರದಲ್ಲಿ ನಾವು ಒಂದು ಮಾತನ್ನು ಮರೆಯಬಾರದು. ಆ ಹುಲಿ ಯಂತ್ರ ನಿಜ, ಯಂತ್ರಮಾನವನ ಕುಲಕ್ಕೆ ಸೇರಿದ್ದಲ್ಲ. ಹಿಡಿಕೆ ತಿರುಗಿದಷ್ಟು ಹೊತ್ತು ಗರ್ಜಿಸುತ್ತದೆ, ನಿಂತರೆ ನಿಲ್ಲುತ್ತದೆ. ಎದುರಿಗೆ ಯಾರಿದ್ದಾರೆ, ಹೊತ್ತೆಷ್ಟಾಯಿತು, ತಾನು ಮಾಡಿದ ಕೆಲಸ ಮುಗಿಯಿತೇ ಎಂಬುದಾವುದೂ ಅದಕ್ಕೆ ತಿಳಿಯದು. ಸುತ್ತಲಿನ ಸ್ಥಿತಿಯನ್ನು ಅರಿಯುವುದು, ಅರಿತದ್ದಕ್ಕೆ ತಕ್ಕಂತೆ ಮುಂದಿನ ಹೆಜ್ಜೆಯನ್ನು ಗೊತ್ತುಮಾಡುವುದು, ಹಾಗೆಯೇ ಅಂಗಗಳನ್ನು ಆಡಿಸುವುದು, ಈ ಮೂರೂ ಕೂಡಿದಾಗ ಮಾತ್ರ ಒಂದು ಯಂತ್ರ ರೋಬೋಟ್ ಎನಿಸಿಕೊಳ್ಳುತ್ತದೆ. ಆ ಗುಣದ ಬೇರನ್ನು ಹುಡುಕಹೊರಟರೆ ಶ್ರೀರಂಗಪಟ್ಟಣಕ್ಕಿಂತ ಬಹಳ ಹಿಂದಕ್ಕೆ, ಬಗ್ದಾದ್ ಮತ್ತು ಅಮಿದ್ ನಗರಗಳಿಗೆ ಹೋಗಬೇಕಾಗುತ್ತದೆ.

ಕ್ರಿ.ಶ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಮುಹಮ್ಮದ್, ಅಹ್ಮದ್, ಹಸನ್ ಎಂಬ ಮೂವರು ಸಹೋದರರಿದ್ದರು. ಬನೂ ಮೂಸಾ ಎಂದು ಚರಿತ್ರೆ ಅವರನ್ನು ಕರೆಯುತ್ತದೆ. 'ಕಿತಾಬುಲ್ ಹಿಯಲ್' ಎಂಬ ತಮ್ಮ ಗ್ರಂಥದಲ್ಲಿ ಅವರು ಸುಮಾರು ನೂರು ಯಂತ್ರೋಪಾಯಗಳನ್ನು ವಿವರಿಸಿದರು. ಉರಿದಂತೆಲ್ಲ ಬತ್ತಿಯನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುವ ದೀಪವು ಅವುಗಳಲ್ಲೊಂದು. ಅವರ ದಾರಿಯನ್ನು ಇನ್ನೂ ಮುಂದೆ ಕೊಂಡೊಯ್ದವರು ಬದೀಉಝ್ಝಮಾನ್ ಇಸ್ಮಾಈಲ್ ಅಲ್ ಜಝರಿ. ಇಂದಿನ ತುರ್ಕಿಯ ದಿಯಾರ್‌ಬಕಿರ್, ಅಂದಿನ ಅಮಿದ್ ನಗರದ ಅರ್ತೂಕಿ ಅರಸರ ಬಳಿ ಅವರು ಸುಮಾರು 25 ವರ್ಷ ಸೇವೆ ಸಲ್ಲಿಸಿ, 1206ರಲ್ಲಿ ಐವತ್ತು ಯಂತ್ರಗಳ ಗ್ರಂಥವನ್ನು ಮುಗಿಸಿದರು. ಪ್ರತಿ ಯಂತ್ರದ ಅಳತೆ, ಲೋಹ, ಬೆಸುಗೆ, ಚಿತ್ರ ಎಲ್ಲವನ್ನೂ ಬರೆದಿಟ್ಟರು. ಕೈಕೆಲಸದವನು ಓದಿ ಮತ್ತೆ ಕಟ್ಟಬಲ್ಲಂತೆ ಬರೆದರೆಂಬುದೇ ಆ ಗ್ರಂಥದ ಹಿರಿಮೆ.

ಅದರಲ್ಲಿ ನಮ್ಮ ಮನೆಗಳಿಗೆ ಅತ್ಯಂತ ಹತ್ತಿರವಾದದ್ದು ವುಝೂವಿನ ಯಂತ್ರ. ಅರಸ ನಾಸಿರುದ್ದೀನ್ ಮಹ್ಮೂದ್ ವುಝೂ ಮಾಡುವಾಗ ಸೇವಕನೋ ದಾಸಿಯೋ ಎದುರಿಗೆ ನಿಂತು ಕೈಗೆ ನೀರೆರೆಯುವುದನ್ನು ಇಷ್ಟಪಡುತ್ತಿರಲಿಲ್ಲವಂತೆ. ಆ ಕೆಲಸಕ್ಕೊಂದು ಉಪಾಯ ಮಾಡಬೇಕೆಂದು ಅವನು ಕೇಳಿದನೆಂದು ಜಝರಿಯವರೇ ಬರೆದಿದ್ದಾರೆ. ಇದೇ ಬಗೆಯ ಇನ್ನೊಂದು ರಚನೆ ನವಿಲಿನ ಆಕಾರದ್ದು. ನವಿಲಿನ ಕೊಕ್ಕಿನಿಂದ ನೀರು ಬೋಗುಣಿಗೆ ಸುರಿಯುತ್ತದೆ. ಕೈತೊಳೆದ ನೀರು ಕೆಳಗಿನ ಪೊಳ್ಳು ಪೀಠದಲ್ಲಿ ಸೇರುತ್ತ ಹೋದಂತೆ ಅಲ್ಲಿನ ತೇಲುಬುರುಡೆ ಮೇಲಕ್ಕೇರಿ ಸನ್ನೆಗೋಲೊಂದನ್ನು ಒತ್ತುತ್ತದೆ. ಆಗ ಬಾಗಿಲು ತೆರೆದು ಸೇವಕನ ಗೊಂಬೆ ಸಾಬೂನನ್ನು ಹಿಡಿದು ಬರುತ್ತದೆ. ನೀರು ಇನ್ನಷ್ಟು ಏರಿದಾಗ ಎರಡನೆಯ ತೇಲುಬುರುಡೆ ಇನ್ನೊಂದು ಗೊಂಬೆಯ ಕೈಯಲ್ಲಿ ಒರೆಸುವ ಬಟ್ಟೆಯನ್ನು ಕಳುಹಿಸುತ್ತದೆ.

ಇಲ್ಲಿ ಯಾರೂ ಹಿಡಿಕೆ ತಿರುಗಿಸುತ್ತಿಲ್ಲ. ಬಳಸಿದ ನೀರಿನ ಮಟ್ಟವೇ ಯಂತ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಮಸೀದಿಯ ಹೌಝಿನಲ್ಲೋ ಮನೆಯ ಮೇಲಿನ ತೊಟ್ಟಿಯಲ್ಲೋ ನೀರು ತುಂಬಿದೊಡನೆ ನಲ್ಲಿಯನ್ನು ತಾನೇ ಮುಚ್ಚುವ ಬಾಲ್ ವಾಲ್ವ್ ಇದೆಯಲ್ಲ, ತತ್ತ್ವ ಅದೇ. ಇಂದಿನ ರೋಬೋಟಿನಲ್ಲಿ ತೇಲುಬುರುಡೆಯ ಸ್ಥಾನವನ್ನು ಕ್ಯಾಮೆರಾ ಮತ್ತು ಸೆನ್ಸರುಗಳೂ, ಸನ್ನೆಗೋಲಿನ ಸ್ಥಾನವನ್ನು ಕಂಪ್ಯೂಟರೂ, ಬಾಗಿಲು ನೂಕುವ ಕೋಲಿನ ಸ್ಥಾನವನ್ನು ವಿದ್ಯುತ್ ಮೋಟಾರೂ ವಹಿಸಿಕೊಂಡಿವೆ. ವೇಗ ಮತ್ತು ಸೂಕ್ಷ್ಮತೆ ಊಹಿಸಲಾಗದಷ್ಟು ಹೆಚ್ಚಿದೆ. ಕೆಲಸದ ಕ್ರಮ ಮಾತ್ರ ಬದಲಾಗಿಲ್ಲ.

ಜಝರಿಯವರನ್ನು ವೇದಿಕೆಗಳ ಮೇಲೆ ಹೊಗಳುವ ನಮ್ಮವರು ಒಂದು ಸಂಗತಿಯನ್ನು ಮರೆಮಾಚುತ್ತಾರೆ. ಅವರ ಯಂತ್ರಗಳಲ್ಲಿ ಹಲವು ಅರಮನೆಯ ಮದ್ಯಕೂಟಗಳಿಗೆಂದು ಮಾಡಿದ ಆಟಿಕೆಗಳು. ಅರಸರ ವಿನೋದಕ್ಕೆ ಎಷ್ಟು ಜಾಣ್ಮೆ ವ್ಯಯವಾಯಿತೆಂದು ಓದಿದಾಗ ಬೇಸರವಾಗುತ್ತದೆ. ಅದೇ ಗ್ರಂಥದಲ್ಲಿ ನೀರೆತ್ತುವ ಐದು ಯಂತ್ರಗಳಿವೆ. ಚಕ್ರದ ತಿರುಗುವಿಕೆಯನ್ನು ದಂಡದ ಹಿಂದು ಮುಂದಿನ ಚಲನೆಯಾಗಿ ಮಾರ್ಪಡಿಸುವ ಜೋಡಿ ಕೊಳವೆಯ ಪಂಪೂ ಇದೆ. ನಮ್ಮ ಪಾಲಿಗೆ ನವಿಲಿಗಿಂತ ಆ ಪಂಪೇ ದೊಡ್ಡದು.

'ರೋಬೋಟ್' ಎಂಬ ಹೆಸರಂತೂ ತೀರ ಇತ್ತೀಚಿನದು. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಲೋಕಕ್ಕೆ ಹರಡಿತು. ಮೂಲ ಪದಕ್ಕೆ ಅವರ ಭಾಷೆಯಲ್ಲಿ ಬಿಟ್ಟಿ ಚಾಕರಿ ಎಂದರ್ಥ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ 'ಯೂನಿಮೇಟ್' ಎಂಬ ಯಂತ್ರತೋಳು ಅಚ್ಚಿನಿಂದ ಬರುವ ಬಿಸಿ ಲೋಹದ ಭಾಗಗಳನ್ನು ಎತ್ತಿಡತೊಡಗಿತು. ಮನುಷ್ಯನ ಕೈ ಸುಡುವ ಕೆಲಸವದು. ಯಂತ್ರಕ್ಕೆ ಬಿಟ್ಟುಕೊಟ್ಟದ್ದರಲ್ಲಿ ಯಾರಿಗೂ ನಷ್ಟವೆನಿಸಲಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಒಂಟೆ ಓಟದ ಸವಾರಿಗೆ ಬಡ ದೇಶಗಳ ಎಳೆಯ ಮಕ್ಕಳನ್ನು ತಂದು ಕೂರಿಸುತ್ತಿದ್ದ ಕ್ರೌರ್ಯವೂ ಹೀಗೆಯೇ ತಗ್ಗಿತು. ಬಾಂಗ್ಲಾದೇಶ, ಪಾಕಿಸ್ತಾನ, ಸುಡಾನ್‌ಗಳಿಂದ ಆ ಮಕ್ಕಳು ಹೋಗಿದ್ದರು. 2005ರಲ್ಲಿ ಕತರ್ ಮಕ್ಕಳ ಸವಾರಿಯನ್ನು ನಿಷೇಧಿಸಿ, ದೂರದಿಂದ ನಿಯಂತ್ರಿಸುವ ಪುಟ್ಟ ರೋಬೋಟುಗಳನ್ನು ಒಂಟೆಗಳ ಬೆನ್ನಿಗೇರಿಸಿತು.

ಎಲ್ಲ ಕಡೆಯೂ ಲೆಕ್ಕ ಇಷ್ಟು ಸರಳವಾಗಿಲ್ಲ. ಬಾಬಾ ಬುಡನ್ ಅವರ ಹೆಸರಿನ ಗಿರಿಶ್ರೇಣಿಯ ಕಾಫಿಯನ್ನೇ ನೋಡೋಣ. ಕಾಫಿ ಸಂಸ್ಕರಣ ಘಟಕಗಳಲ್ಲಿ ಒಂದು ಕಾಲಕ್ಕೆ ಸಾಲುಸಾಲಾಗಿ ಕುಳಿತ ಹೆಣ್ಣುಮಕ್ಕಳು ಕಪ್ಪಾದ, ಹುಳು ಹಿಡಿದ ಬೀಜಗಳನ್ನು ಕಣ್ಣಿಂದ ಗುರುತಿಸಿ ಬೆರಳಿಂದ ಹೆಕ್ಕುತ್ತಿದ್ದರು. ಈಗ ಬಣ್ಣ ಬೇರ್ಪಡಿಸುವ ಯಂತ್ರದೊಳಗೆ ಬೀಜಗಳು ಜಾರಿ ಬೀಳುವಾಗಲೇ ಬೆಳಕಿನ ಕಣ್ಣು ಒಂದೊಂದನ್ನೂ ನೋಡುತ್ತದೆ. ಕೆಟ್ಟದ್ದು ಕಂಡರೆ ಗಾಳಿಯ ಸಣ್ಣದೊಂದು ಊದು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ನೋಡುವುದು, ತೀರ್ಮಾನಿಸುವುದು, ಮಾಡುವುದು, ಮೂರೂ ಇವೆ. ಕೈಕಾಲು ಮುಖಗಳಿಲ್ಲದಿದ್ದರೂ ಇದು ಪೂರ್ತಿ ರೋಬೋಟೇ. ತರೀಕೆರೆ, ಅಜ್ಜಂಪುರದ ಕಡೆ ಸುಗ್ಗಿಯಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿದು ಮನೆ ನಡೆಸುತ್ತಿದ್ದ ಹೆಂಗಸರ ಕೆಲಸವನ್ನೂ ಸುಲಿಯುವ ಯಂತ್ರಗಳು ಬಹುಪಾಲು ತೆಗೆದುಕೊಂಡಿವೆ. ಅವು ರೋಬೋಟುಗಳಲ್ಲ, ಆದರೆ ಕೂಲಿ ಹೋದವರಿಗೆ ಆ ವ್ಯತ್ಯಾಸದಿಂದ ಆಗಬೇಕಾದ್ದೇನೂ ಇಲ್ಲ. ಕೂಲಿಯಾಳು ಸಿಗದೆ ಕಂಗೆಟ್ಟ ತೋಟದವರ ಮಾತಿನಲ್ಲಿಯೂ ಸತ್ಯವಿದೆ. ಅಡಿಕೆ ಮರದಿಂದ ಬಿದ್ದು ನಡು ಮುರಿದುಕೊಂಡವರ ಮನೆಗಳನ್ನು ಬಲ್ಲ ನಾವು, ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮರವೇರಲು ಕಟ್ಟಿದ ಮೋಟಾರು ಗಾಡಿಯನ್ನು ಕಂಡು ಸಂತೋಷಪಟ್ಟೆವು. ಸುಲಿಯುವ ಕತ್ತಿ ಬದಿಗೆ ಸರಿದಾಗ ಅದೇ ಸಂತೋಷವಾಗಲಿಲ್ಲ. ಒಂದು ಯಂತ್ರ ಅಪಾಯವನ್ನು ಒಯ್ಯಿತು, ಇನ್ನೊಂದು ಅನ್ನವನ್ನು ಒಯ್ಯಿತು.

ಇನ್ನು ಚಾಲಕನಿಲ್ಲದ ವಿಮಾನಗಳ ಮಾತು. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿಯೂ ಅಮೃತ ಮಹಲ್ ಕಾವಲುಗಳಿದ್ದವು. ಅಲ್ಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಕುರಿ ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ವ್ಯಾಜ್ಯವು ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒ ತನ್ನ ವೈಮಾನಿಕ ಪರೀಕ್ಷಾ ಕೇಂದ್ರವನ್ನು ಅಲ್ಲಿ ಉದ್ಘಾಟಿಸಿತು. ಈ ವಿಮಾನಗಳಿಗೆ ನೆಲದ ಮೇಲಿರುವವರು ಗುರಿಯನ್ನು ಹೇಳುತ್ತಾರೆ; ರೆಕ್ಕೆ ಎಷ್ಟು ವಾಲಿದೆ, ಎತ್ತರವೆಷ್ಟು, ಗಾಳಿ ಎತ್ತ ತಳ್ಳುತ್ತಿದೆ ಎಂಬುದನ್ನು ಒಳಗಿನ ಉಪಕರಣಗಳು ಕ್ಷಣಕ್ಷಣವೂ ಅಳೆದು ತಾವೇ ಸರಿಪಡಿಸಿಕೊಳ್ಳುತ್ತವೆ. 2019ರ ಸೆಪ್ಟೆಂಬರ್ 17ರಂದು ಪರೀಕ್ಷೆಯಲ್ಲಿದ್ದ 'ರುಸ್ತುಂ-2' ಚಳ್ಳಕೆರೆ ತಾಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ ನೆಲಕ್ಕೆ ಬಿತ್ತು. 2023ರ ಆಗಸ್ಟಿನಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆಯ ಬಳಿ ಮತ್ತೊಂದು ಬಿತ್ತು.

ತಾನಾಗಿ ನಡೆಯುವ ವಸ್ತುವಿನಿಂದ ಪರರ ಹೊಲಕ್ಕೆ ಹಾನಿಯಾದರೆ ಹೊಣೆ ಯಾರದು? ಪ್ರಶ್ನೆ ಹೊಸದೇನಲ್ಲ. ಸೂರಃ ಅಲ್ ಅಂಬಿಯಾದಲ್ಲಿ ದಾವೂದ್(ಅ) ಮತ್ತು ಸುಲೈಮಾನ್(ಅ)ರ ಮುಂದೆ ಬಂದ ವ್ಯಾಜ್ಯವು ರಾತ್ರಿಯಲ್ಲಿ ಹೊಲಕ್ಕೆ ನುಗ್ಗಿದ ಕುರಿಗಳದ್ದು. ವ್ಯಾಖ್ಯಾನಕಾರರು ವಿವರಿಸುವಂತೆ, ಹೊಲವು ಮೊದಲಿನ ಸ್ಥಿತಿಗೆ ಬರುವ ತನಕ ಕುರಿಗಳ ಹಾಲು ಮತ್ತು ಉಣ್ಣೆ ಹೊಲದವನಿಗೆ ಸಲ್ಲಲಿ, ಅಲ್ಲಿಯವರೆಗೆ ಕುರಿಯವನು ಹೊಲವನ್ನು ದುರಸ್ತಿ ಮಾಡಲಿ ಎಂಬುದು ಸುಲೈಮಾನ್(ಅ)ರ ತೀರ್ಪಾಗಿತ್ತು. ಕುರಿಗಳನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ. ಅವುಗಳ ಲಾಭ ಉಣ್ಣುವವನನ್ನು ಕರೆದರು. ಕಾಫಿ ಬೀಜ ಹೆಕ್ಕುವ ಯಂತ್ರಕ್ಕೂ, ನಾಳೆ ಸಾಲದ ಅರ್ಜಿಯನ್ನೋ ಆಸ್ಪತ್ರೆಯ ಸರದಿಯನ್ನೋ ತೀರ್ಮಾನಿಸಲಿರುವ ಯಂತ್ರಬುದ್ಧಿಗೂ ಈ ತೀರ್ಪನ್ನು ಹಚ್ಚಿ ನೋಡಬೇಕೆಂದು ನಮಗನಿಸುತ್ತದೆ. ಯಂತ್ರಕ್ಕೆ ನಿಯ್ಯತ್ತಿಲ್ಲ, ಆದ್ದರಿಂದ ಯಂತ್ರವೇ ಹೀಗೆ ಹೇಳಿತೆಂದು ಕೈತೊಳೆದುಕೊಳ್ಳುವ ಯಜಮಾನನ ಮಾತು ನಿಲ್ಲುವುದಿಲ್ಲ.

ಹಳತನ್ನು ಕೈಬಿಡುವ ಆತುರದ ಬಗ್ಗೆ ಅಮೃತ ಮಹಲಿನ ಚರಿತ್ರೆಯಲ್ಲಿಯೇ ಒಂದು ಅಧ್ಯಾಯವಿದೆ. ಟಿಪ್ಪುವಿನ ನಂತರ ಈ ರಾಸುಗಳು ಬ್ರಿಟಿಷರ ಕೈಸೇರಿದವು. 1860ರಲ್ಲಿ, ಖರ್ಚು ಉಳಿಸಬೇಕೆಂದು, ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಬೇರೆಡೆಯಿಂದ ಅಂಥ ಎತ್ತು ಸಿಗದೆಂದು ಬೇಗನೆ ಅರಿವಾಯಿತು. 1866ರಲ್ಲಿ ಮತ್ತೆ ಹಿಂಡು ಕಟ್ಟತೊಡಗಿದರು. ಟ್ರ್ಯಾಕ್ಟರು ಬಂದು ಎಷ್ಟೋ ದಶಕಗಳಾದ ಮೇಲೆಯೂ ಬೀರೂರಿನಲ್ಲಿ ಅಮೃತ ಮಹಲ್ ಹೋರಿಕರುಗಳ ಹರಾಜು ನಡೆಯುತ್ತದೆ, ದೂರದ ಜಿಲ್ಲೆಗಳ ರೈತರು ಹಗ್ಗ ಹಿಡಿದು ಬರುತ್ತಾರೆ.