ದನದ ಹೃದಯ ಎಲ್ಲಿದೆ? ನುಂಗಿದ ತಂತಿ ಅಲ್ಲಿಗೆ ತಲುಪುವುದು ಹೇಗೆ?

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯಲ್ಲೋ ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯಲ್ಲೋ ಹಳ್ಳಿಕಾರ್ ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡಿಗೆ ನೋಡುತ್ತೇವೆ. ಬಾಲದ ಬುಡದಲ್ಲಿ ನಾಡಿ ಹಿಡಿದು ನೋಡುವವರು ಕಡಿಮೆ. ಮನೆಯ ಹಸುವಿನ ಗಂಗೆದೊಗಲು ಊದಿಕೊಂಡರೂ ಥಂಡಿ ಆಗಿರಬೇಕು, ದೃಷ್ಟಿ ತಗುಲಿರಬೇಕು ಎಂದು ಸುಮ್ಮನಾಗುವುದುಂಟು. ಆದರೆ ಆ ಊತದ ಮೂಲ ಹೃದಯದಲ್ಲಿರಬಹುದು.

ರಚನೆ ಮತ್ತು ಕೆಲಸ

ದನ, ಎಮ್ಮೆ, ಕುರಿ, ಮೇಕೆ, ನಾಯಿ, ಬೆಕ್ಕು, ಕೋಳಿ ಎಲ್ಲಕ್ಕೂ ನಮ್ಮಂತೆಯೇ ನಾಲ್ಕು ಕೋಣೆಗಳ ಹೃದಯವಿದೆ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಭಾಗ ಇಡೀ ದೇಹಕ್ಕೆ ತಳ್ಳುತ್ತದೆ. ಹೆಚ್ಚು ದೂರ ತಳ್ಳಬೇಕಾದ್ದರಿಂದ ಎಡ ಹೃತ್ಕುಕ್ಷಿಯ ಗೋಡೆ ಹೆಚ್ಚು ದಪ್ಪ. ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳು ತಡೆಯುತ್ತವೆ. ಹೃದಯವನ್ನು ಸುತ್ತುವರಿದ ತೆಳುವಾದ ಚೀಲವೇ ಹೃದಯಾವರಣ. ಬೆಳೆದ ದನದ ಹೃದಯದೊಳಗೆ ಪುಟ್ಟ ಮೂಳೆಗಳೂ ಇರುತ್ತವೆ. ಅದು ರೋಗವಲ್ಲ, ಸಹಜ ರಚನೆ.

ಹಸು ಒಂದು ಲೀಟರ್ ಹಾಲು ಕೊಡಬೇಕಾದರೆ ಅದರ ಕೆಚ್ಚಲಿನ ಮೂಲಕ ಸುಮಾರು 400ರಿಂದ 500 ಲೀಟರ್ ರಕ್ತ ಹರಿಯಬೇಕು. ಹೃದಯ ಸೋತರೆ ಹಾಲೂ ಇಳಿಯುತ್ತದೆ.

ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸರಿಸುಮಾರು ಇಷ್ಟು ಬಡಿತ:
• ಬೆಳೆದ ದನ: 60–80
• ಕುರಿ, ಮೇಕೆ: 70–90
• ನಾಯಿ: 70–120
• ಬೆಕ್ಕು: 140–220
• ಕೋಳಿ: 250–300

ಪ್ರಾಣಿ ಚಿಕ್ಕದಾದಷ್ಟೂ ಬಡಿತ ಹೆಚ್ಚು. ಕರುವಿನ ಬಡಿತವೂ ತಾಯಿಗಿಂತ ಜೋರು. ಬಾಲದ ಬುಡದ ಕೆಳಭಾಗದಲ್ಲಿ ಬೆರಳಿಟ್ಟರೆ ದನದ ನಾಡಿ ಸಿಗುತ್ತದೆ. ಓಡಿ ಬಂದ ದನವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಣಿಸಿ.

ತಂತಿಯ ದಾರಿ

ದನದ ಹೃದಯ ಎದೆಗೂಡಿನ ಕೆಳಭಾಗದಲ್ಲಿ, ತುಸು ಎಡಕ್ಕೆ, ಮುಂಗಾಲಿನ ಮೊಣಕೈ ಮಟ್ಟದಲ್ಲಿದೆ. ಅದರ ಹಿಂದೆ ವಪೆ. ವಪೆಯ ಆಚೆಗೇ ಮೆಲುಕು ಹಾಕುವ ಪ್ರಾಣಿಯ ಎರಡನೆಯ ಹೊಟ್ಟೆಯಾದ ಜಾಲಹೊಟ್ಟೆ. ಹೃದಯಕ್ಕೂ ಅದಕ್ಕೂ ಕೆಲವೇ ಬೆರಳುಗಳ ಅಂತರ.

ದನ ಮೇವನ್ನು ಆರಿಸಿ, ಜಗಿದು ತಿನ್ನುವುದಿಲ್ಲ. ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಶ್ರೀರಂಗಪಟ್ಟಣದ ಕಡೆಯ ಕಬ್ಬಿನ ಸೋಗೆಯಾಗಲಿ, ನಾಗಮಂಗಲದ ರಾಗಿಹುಲ್ಲಾಗಲಿ, ಅದರೊಳಗೆ ಬೇಲಿಯ ತಂತಿ, ಮೊಳೆ, ಸೂಜಿ ಸೇರಿದ್ದರೆ ಅದೂ ಒಳಗೆ ಹೋಗುತ್ತದೆ. ಭಾರವಾದ ಲೋಹ ಜಾಲಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆ ಕುಗ್ಗಿದಾಗ ಚೂಪಾದ ತುದಿ ಗೋಡೆ ತೂರಿ, ವಪೆ ದಾಟಿ ಹೃದಯಾವರಣಕ್ಕೆ ಚುಚ್ಚಬಹುದು. ತುಂಬು ಗಬ್ಬದಲ್ಲಿ, ಕರು ಹಾಕುವಾಗ ಒತ್ತಡ ಹೆಚ್ಚಿ ಅಪಾಯವೂ ಹೆಚ್ಚುತ್ತದೆ.

ಚುಚ್ಚಿದ ಕಡೆ ಕೀವು ತುಂಬಿದರೆ ಹೃದಯಕ್ಕೆ ಅರಳಲು ಜಾಗವಿಲ್ಲ. ರಕ್ತ ಹಿಂದೆಯೇ ನಿಂತು ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬುತ್ತದೆ; ನೀರಿನಂಶ ಜಿನುಗಿ ಗಂಗೆದೊಗಲಿನಲ್ಲಿ ಇಳಿದು ನಿಲ್ಲುತ್ತದೆ. ಊತ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ, ಉಳಿಸುವುದು ಕಷ್ಟ. ಅದಕ್ಕೂ ಮೊದಲಿನ ಸೂಚನೆಗಳು: ದಿಢೀರನೆ ಹಾಲು ಮತ್ತು ಮೇವು ಇಳಿಯುವುದು, ಜ್ವರ, ಬೆನ್ನು ಬಾಗಿಸಿ ನಿಲ್ಲುವುದು, ಮೊಣಕೈ ಹೊರಚಾಚುವುದು, ಮಲಗಿ ಏಳುವಾಗ ನರಳುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು. ಈ ಹಂತದಲ್ಲೇ ವೈದ್ಯರು ಹೊಟ್ಟೆ ತೆರೆದು ತಂತಿ ತೆಗೆದರೆ ದನ ಬದುಕುವ ಸಾಧ್ಯತೆ ಹೆಚ್ಚು.

ಅಯಸ್ಕಾಂತ ನುಂಗಿಸಿದರೆ ಸಾಕೇ?

ಪಶುವೈದ್ಯರು ಹಾಕುವ ಅಯಸ್ಕಾಂತ ಜಾಲಹೊಟ್ಟೆಯಲ್ಲೇ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಡುತ್ತದೆ. ಇದು ಒಳ್ಳೆಯ ಮುನ್ನೆಚ್ಚರಿಕೆ. ಆದರೆ ತಾಮ್ರ, ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ. ಹೃದಯ ತಲುಪಿದ ತಂತಿಯನ್ನು ಅದು ಹಿಂದಕ್ಕೆ ಎಳೆಯಲಾರದು.

ಹುಲ್ಲಿನ ಹೊರೆಯನ್ನು ತಂತಿಯ ಬದಲು ನಾರಿನ ಹಗ್ಗದಲ್ಲಿ ಕಟ್ಟಿ. ಬೇಲಿ, ಮನೆ ಕೆಲಸ ಮುಗಿದ ದಿನವೇ ತಂತಿ ಚೂರು ಆರಿಸಿ. ಮೇಲಿನ ಸೂಚನೆಗಳು ಕಂಡರೆ ಊತಕ್ಕಾಗಿ ಕಾಯದೆ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ.