ಚೌಕಾಬಾರ, ಅರವತ್ನಾಲ್ಕು ಅಡಿಕೆ ಮತ್ತು ಪ್ಯಾಸ್ಕಲ್

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಚೌಕಾಬಾರ ಹೊಸದಾಗಿ ಹೇಳಿಕೊಡಬೇಕಿಲ್ಲ. ನಾಲ್ಕು ಕವಡೆ, ಇಲ್ಲದಿದ್ದರೆ ಒಂದು ಬದಿ ತೇಯ್ದ ಹುಣಸೆ ಬೀಜ. ಹೊರಗೆ ಜಡಿಮಳೆ, ಜಗಲಿಯಲ್ಲಿ ಗಲಾಟೆ. ಆಟ ಅರ್ಧಕ್ಕೇ ನಿಂತರೆ ಜಗಳ ಗ್ಯಾರಂಟಿ. ಈ ಜಗಳಕ್ಕೊಂದು ದೊಡ್ಡ ಇತಿಹಾಸವೇ ಇದೆ ನೋಡಿ!

ಹೊಸನಗರದವನೊಬ್ಬ, ತೀರ್ಥಹಳ್ಳಿಯವನೊಬ್ಬ ತಲಾ 32 ಅಡಿಕೆ ಕಟ್ಟಿ ಕೂತಿದ್ದಾರೆ ಅಂದುಕೊಳ್ಳಿ. ಮೊದಲು ಮೂರು ಆಟ ಗೆದ್ದವನಿಗೆ ಅರವತ್ನಾಲ್ಕೂ ಅಡಿಕೆ. ಇಬ್ಬರೂ ಸರಿಸಮ ಆಟಗಾರರು. ಹೊಸನಗರದವನು ಒಂದು ಆಟ ಗೆದ್ದ ಹೊತ್ತಿಗೆ ಕೊನೇ ಬಸ್ಸು ಬಂತು. ಅಡಿಕೆ ಹಂಚೋದು ಹೇಗೆ?

1494ರಲ್ಲಿ ಇಟಲಿಯ ಪಾಚೋಲಿ, ಗೆದ್ದ ಆಟಗಳ ಅನುಪಾತದಲ್ಲಿ ಹಂಚಿ ಅಂದ. ಹಾಗಾದರೆ 1-0 ಇದ್ದಾಗ ಪೂರ್ತಿ ಗಂಟು ಒಬ್ಬನಿಗೇ! ಇದೆಂಥಾ ನ್ಯಾಯ ಎಂದು 1556ರಲ್ಲಿ ತಾರ್ತಾಲ್ಯ ಆಕ್ಷೇಪ ಎತ್ತಿದ, ಆದರೆ ಅವನ ಬಳಿಯೂ ಸರಿಯುತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು 1654ರಲ್ಲಿ, ಪ್ಯಾರಿಸ್ಸಿನ ಪ್ಯಾಸ್ಕಲ್ ಮತ್ತು ತೂಲೂಸಿನ ಫರ್ಮಾ ಬರೆದುಕೊಂಡ ಪತ್ರಗಳಲ್ಲಿ. ಆಗ ನಮ್ಮ ಬಿದನೂರಿನಲ್ಲಿ, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರದಲ್ಲಿ, ಶಿವಪ್ಪನಾಯಕನ ಆಳ್ವಿಕೆ. ಪ್ಯಾಸ್ಕಲ್ ಲೆಕ್ಕದಲ್ಲೂ ಗಂಟು ಅರವತ್ನಾಲ್ಕೇ. ಅಡಿಕೆ ಅಲ್ಲ, ಪಿಸ್ತೋಲ್ ಎಂಬ ಚಿನ್ನದ ನಾಣ್ಯ. ನಮ್ಮ ಇಕ್ಕೇರಿ ವರಹ ಇದ್ದ ಹಾಗೆ ಅನ್ನಿ.

ಪ್ಯಾಸ್ಕಲ್ ಹಿಂದಿನಿಂದ ಮುಂದಕ್ಕೆ ಬಂದ. 2-1 ಇದ್ದರೆ ಮುಂದಿನ ಆಟ ಗೆದ್ದರೆ 64, ಸೋತರೂ ಸಮ, 32. ನಡುವೆ ತೆಗೆದರೆ 48. ಹಾಗೇ 2-0 ಇದ್ದರೆ 64 ಮತ್ತು 48ರ ನಡುವೆ, 56. ಈಗ 1-0ಗೆ ಬನ್ನಿ: ಗೆದ್ದರೆ 56, ಸೋತರೆ 32. ನಡುವೆ 44. ತೀರ್ಥಹಳ್ಳಿಯವನಿಗೆ 20.

ಫರ್ಮಾನ ದಾರಿ ಬೇರೆ. ಹೆಚ್ಚೆಂದರೆ ಇನ್ನು ನಾಲ್ಕು ಆಟದಲ್ಲಿ ತೀರ್ಮಾನ ಆಗಲೇಬೇಕು, ಆ ನಾಲ್ಕನ್ನೂ ಆಡಿದರು ಅಂತಲೇ ಇಟ್ಟುಕೊಂಡು ಎಲ್ಲ ಸಾಧ್ಯತೆ ಎಣಿಸಿ ಅಂದ. ಇದು ನಾಲ್ಕು ಕವಡೆ ಎಸೆದ ಹಾಗೇ ಅಲ್ವಾ! ಬಾಯಿ ಮೇಲಾದರೆ ಹೊಸನಗರ, ಮಗುಚಿದರೆ ತೀರ್ಥಹಳ್ಳಿ. ಒಟ್ಟು 16 ಬಗೆ. ಸೊನ್ನೆಯಿಂದ ನಾಲ್ಕರವರೆಗೆ ಬಾಯಿ ಮೇಲಾಗುವ ಬಗೆಗಳು ಕ್ರಮವಾಗಿ 1, 4, 6, 4, 1. (ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಒಂಬತ್ತನೇ ಶತಮಾನದಲ್ಲೇ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದ.) ಹೊಸನಗರದವನಿಗೆ ಎರಡು ಸಾಕು: 6+4+1, ಅಂದರೆ 11. ಎದುರಾಳಿಗೆ 5. ಅರವತ್ನಾಲ್ಕನ್ನು ಹೀಗೆ ಹಂಚಿದರೆ ಮತ್ತದೇ 44 ಮತ್ತು 20! ನಿಜವಾದ ಕವಡೆ ಎರಡೂ ಬದಿಗೆ ಸಮನಾಗಿ ಬೀಳುವುದಿಲ್ಲ, ಆ ಮಾತು ಬೇರೆ.

ಸತ್ಯ ತೂಲೂಸಿನಲ್ಲೂ ಪ್ಯಾರಿಸ್ಸಿನಲ್ಲೂ ಒಂದೇ ಎಂದು ಪ್ಯಾಸ್ಕಲ್ ಖುಷಿಪಟ್ಟ. ಆದರೆ ರೋಬರ್ವಾಲ್ ಎಂಬ ಗಣಿತಜ್ಞ ತಕರಾರು ತೆಗೆದ. ಎರಡೇ ಆಟಕ್ಕೆ ತೀರ್ಮಾನ ಆದರೆ ಮೂರನೆಯದು, ನಾಲ್ಕನೆಯದು ಯಾರು ಆಡುತ್ತಾರೆ? ಆಡದ ಆಟ ಎಣಿಸುವುದು ಸರಿಯೇ? ನನಗಂತೂ ಇದು ದಡ್ಡ ಪ್ರಶ್ನೆ ಅನ್ನಿಸುವುದಿಲ್ಲ. ಪ್ಯಾಸ್ಕಲ್ ಕೊಟ್ಟ ಸಮಾಧಾನ ಇಷ್ಟೇ: ಗೆದ್ದಾದ ಮೇಲೆ ಸುಮ್ಮನೆ ಆಡಿದರೆ ಯಾರ ಪಾಲೂ ಬದಲಾಗದು.

ಇಬ್ಬರಿದ್ದಾಗ ಸರಿ. ಮೂವರಾದರೆ? ಮನೆ ಯಜಮಾನ ಸಾಗರದವನನ್ನೂ ಕೂರಿಸಿ, ತಲಾ 9 ಅಡಿಕೆ, ಒಟ್ಟು 27. ಹೊಸನಗರದವನಿಗೆ ಇನ್ನೊಂದು ಗೆಲುವು ಸಾಕು, ಉಳಿದಿಬ್ಬರಿಗೂ ಎರಡೆರಡು ಬೇಕು. ಮೂರು ಆಟಕ್ಕೆ 27 ಬಗೆ. ಹೊಸನಗರ ಒಂದು, ಸಾಗರ ಎರಡು ಗೆದ್ದರೆ ಇಬ್ಬರೂ ಗುರಿ ಮುಟ್ಟಿದಂತೆ ಕಾಣುತ್ತದೆ. ಫರ್ಮಾನ ದಾರಿಯಲ್ಲಿ ಅಂಥ ಕಡೆ ಅರ್ಧರ್ಧ ಹಂಚಬೇಕು ಎಂದುಕೊಂಡ ಪ್ಯಾಸ್ಕಲ್‌ಗೆ 16, ಐದೂವರೆ, ಐದೂವರೆ ಬಂತು. ತನ್ನ ದಾರಿಯಲ್ಲಿ 17, 5, 5. ಎರಡು ದಾರಿ, ಎರಡು ಉತ್ತರ! ಹಾಗಾಗಿ ಫರ್ಮಾನ ಎಣಿಕೆ ಇಬ್ಬರಿಗೆ ಮಾತ್ರ ಸರಿ ಎಂದು ಬರೆದುಬಿಟ್ಟ.

ಸೆಪ್ಟೆಂಬರಿನಲ್ಲಿ ಫರ್ಮಾ ಉತ್ತರಿಸಿದ. ಯಾರು ಮೊದಲು ಗುರಿ ಮುಟ್ಟಿದರು ಅಂತ ನೋಡಬೇಕು, ಆಮೇಲಿನ ಆಟ ಲೆಕ್ಕ ಸುಲಭವಾಗಲಿ ಅಂತ ಸೇರಿಸಿದ್ದು ಅಷ್ಟೇ. ಸಾಗರ-ಸಾಗರ-ಹೊಸನಗರ ಎಂಬ ಕ್ರಮ ಮಾತ್ರ ಸಾಗರದವನಿಗೆ, ಉಳಿದೆರಡು ಕ್ರಮ ಹೊಸನಗರಕ್ಕೆ. ತೀರ್ಥಹಳ್ಳಿಗೂ ಹೀಗೇ. ಎಣಿಸಿದರೆ ಫರ್ಮಾನದ್ದೂ 17, 5, 5.

ಅಂದಹಾಗೆ, ಎಣಿಸುವಾಗ ಕ್ರಮ ತಪ್ಪದಿರಲು ಮೂರು ಬಣ್ಣದ ಕಾಯಿ ಇಟ್ಟುಕೊಳ್ಳಿ. ಚೌಕಾಬಾರದ ಮಣೆ ಮನೆಯಲ್ಲಿದ್ದರೆ ಕಾಯಿಯೂ ಇದ್ದೇ ಇರುತ್ತದೆ.