ಆಟಿಯಲ್ಲಿ ಬಂದವರು

ಗಲ್ಫ್‌ನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಅಲ್ಲಿ ಅದು ಸೆಖೆ ತಡೆಯಲಾಗದ ಕಾಲ. ಇಲ್ಲಿ, ನೇತ್ರಾವತಿ ದಡದ ನಮ್ಮ ನರಿಕೊಂಬಿನಲ್ಲಿ, ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತುಳು ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕೋಲವಿಲ್ಲ, ಕಂಬಳವಿಲ್ಲ. ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ಯಾಂತ್ರಿಕ ದೋಣಿಗಳಿಗೆ ಜುಲೈ ಮುಗಿಯುವವರೆಗೆ ಕಡಲು ನಿಷೇಧ, ಆದ್ದರಿಂದ ಹಸಿ ಮೀನೂ ಅಪರೂಪ. ಎರಡು ತಲೆಮಾರಿನ ಗಲ್ಫ್ ಮಕ್ಕಳು ಅಜ್ಜನ ಊರು ಎಂದು ಕಂಡದ್ದು ಈ ಒಂದು ತಿಂಗಳನ್ನು. ಅವರಿಗೆ ಊರು ಬೇಡವಾಯಿತು, ಹೊರಗೆ ಬೆಳೆದದ್ದರ ಫಲ ಎಂದು ದೂರುವವರನ್ನು ನಾನು ಬಹಳ ಕೇಳಿದ್ದೇನೆ. ದೂರುವ ಮುಂಚೆ ಕ್ಯಾಲೆಂಡರ್ ತೆಗೆದು ನೋಡಬೇಕು.

ನಾನು ಪ್ರಾಥಮಿಕ ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಅಕ್ಕ ಮದುವೆಯಾಗಿ ಮುಂಬಯಿಗೆ ಹೋದಳು, ದೊಡ್ಡ ತಮ್ಮ ಕುವೈತ್‌ಗೆ, ಸಣ್ಣ ತಮ್ಮ ದುಬೈಗೆ. ಮನೆಯಲ್ಲಿ ಉಳಿದವಳು ನಾನು. ಆದ್ದರಿಂದ ಬರುವ ಮಕ್ಕಳನ್ನೆಲ್ಲ ಜಗಲಿಯಲ್ಲಿ ಬರಮಾಡಿಕೊಂಡು, ಬಿಸಿನೀರು ಕಾಯಿಸಿ ಕೊಟ್ಟು, ಅವರು ಏನನ್ನು ನೋಡುತ್ತಾರೆ, ಏನನ್ನು ನೋಡುವುದಿಲ್ಲ ಎಂದು ಗಮನಿಸುವುದು ನನ್ನ ಪಾಲಿಗೆ ಬಂತು.

ಮುಂಬಯಿಯ ದಾರಿ ಗಲ್ಫ್‌ಗಿಂತ ಬಹಳ ಹಳೆಯದು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗರ ಕತೆ ನಮ್ಮ ಕಡೆ ಪ್ರತಿ ಮನೆತನದಲ್ಲೂ ಒಂದಾದರೂ ಇದೆ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೂ ಮೊದಲು ಅಕ್ಕನ ಮಕ್ಕಳು ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬರುತ್ತಿದ್ದರು. ಬಂದರೂ ಅವರಿಗೆ ಸಿಗುತ್ತಿದ್ದದ್ದು ಮೇ ತಿಂಗಳು. ಮಾವು, ಹಲಸು, ಗೇರುಹಣ್ಣು, ದಿನಕ್ಕೊಂದು ಮದುವೆ ಊಟ, ಬಯಲಲ್ಲಿ ಬೆಳಗಿನವರೆಗೆ ಯಕ್ಷಗಾನದ ಆಟ, ಹೊಳೆಯಲ್ಲಿ ಮೊಣಕಾಲುದ್ದ ನೀರು. ಆ ಮಕ್ಕಳು ಈಗ ಐವತ್ತು ದಾಟಿದ್ದಾರೆ. ನರಿಕೊಂಬು ಎಂದರೆ ಇವತ್ತಿಗೂ ಅವರ ಮುಖ ಅರಳುತ್ತದೆ. ಅದರಲ್ಲಿ ಅಕ್ಕ ಬೆಳೆಸಿದ ರೀತಿ ಎಷ್ಟು, ಮುಂಬಯಿ ಶಾಲೆಗಳ ರಜೆಪಟ್ಟಿ ಎಷ್ಟು ಎಂದು ಕೇಳಿದರೆ ರಜೆಪಟ್ಟಿಗೇ ನಾನು ಹೆಚ್ಚು ಪಾಲು ಕೊಡುತ್ತೇನೆ.

ಗಲ್ಫ್ ಕೂಡ ಮೊದಲು ಮುಂಬಯಿಯದೇ ಮುಂದುವರಿಕೆ. ಹಡಗು ಹತ್ತುತ್ತಿದ್ದದ್ದು ಮುಂಬಯಿಯಲ್ಲಿ. ಕುವೈತ್‌ನಲ್ಲಿ 1961ರವರೆಗೆ, ದುಬೈ ಕಡೆ 1966ರವರೆಗೆ ರೂಪಾಯಿಯೇ ಚಲಾವಣೆಯಲ್ಲಿತ್ತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಅಲ್ಲಿ ಕೆಲಸಕ್ಕೆ ಕೈಗಳು ಬೇಕಾದವು. ಇಲ್ಲಿ 1974ರ ಭೂಸುಧಾರಣೆಯಿಂದ ಗೇಣಿಯ ಮನೆಗಳಿಗೆ ಒಂದು ತುಂಡು ಸ್ವಂತ ಜಾಗ ಬಂತು. ಆ ಜಾಗದಿಂದ ಹೊಟ್ಟೆ ತುಂಬಿದರೂ ಮೂವರು ಗಂಡುಮಕ್ಕಳಿಗೆ ಅದನ್ನು ಹಂಚಲು ಬರುತ್ತಿರಲಿಲ್ಲ. ಒಬ್ಬ ಗದ್ದೆ ನೋಡಿಕೊಂಡರೆ ಉಳಿದವರು ಪಾಸ್‌ಪೋರ್ಟ್ ಮಾಡಿಸಿದರು.

ದೊಡ್ಡ ತಮ್ಮನ ಮಕ್ಕಳು ಮೊದಲ ಸಲ ಬಂದಾಗ ಪೆಟ್ಟಿಗೆ ತುಂಬ ಹಾಲಿನ ಪುಡಿ, ಟ್ಯಾಂಗ್, ಟೈಗರ್ ಬಾಮ್. ಹೊರಗೆ ಮಳೆ. ಬಟ್ಟೆ ಒಣಗದೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕಿದೆವು. ಮಕ್ಕಳ ಅಂಗಿಗೆಲ್ಲ ಹೊಗೆಯ ವಾಸನೆ. ಕರೆಂಟು ಸಂಜೆ ಹೋದರೆ ಬೆಳಿಗ್ಗೆಯ ಮಾತು. ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲೇ ಅಪ್ಪ ಹೋಗಿ ಪಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಲ್ಲೇ ಜಜ್ಜಿ ತಂದರು. ಅರೆದು ಹಿಂಡಿದ ರಸಕ್ಕೆ ಬೆಳ್ಳುಳ್ಳಿ, ಓಮ, ಕಾಳುಮೆಣಸು. ಬೊಳ್ಳುಕಲ್ಲೆಂಬ ಬಿಳಿಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಅದರೊಳಗೆ ಬಿಟ್ಟಾಗ ಚುಂಯ್ ಎಂದ ಸದ್ದಿಗೆ ಮಕ್ಕಳು ಕುಣಿದರು. ಒಂದು ಗುಟುಕು ಬಾಯಿಗೆ ಬಿದ್ದದ್ದೇ ಅಳತೊಡಗಿದರು. ಆಮೇಲೆ ಮೆಂತೆ ಗಂಜಿ ತಿಂದು ಸಮಾಧಾನ. ಆಟಿ ಕಳೆಂಜನ ವೇಷ ಓಲೆಕೊಡೆ ಹಿಡಿದು ಅಂಗಳಕ್ಕೆ ಬಂದಾಗ ಸಣ್ಣವನು ನನ್ನ ಸೆರಗಿನ ಹಿಂದೆ ಅಡಗಿದ. ಪತ್ರೊಡೆ ಮಾತ್ರ ಎಲ್ಲರಿಗೂ ಹಿಡಿಸಿತು.

"ಇಲ್ಲಿ ಯಾವಾಗಲೂ ಮಳೆಯಾ ಮಾಮಿ?" ಎಂದು ದೊಡ್ಡವಳು ಕೇಳಿದಳು. ಅವಳ ಕಣ್ಣಿಗೆ ಕಂಡದ್ದಂತೂ ಅದೇ. ಹೊಳೆಗೆ ಹೋಗಬೇಡಿ ಎಂದು ಗದರುತ್ತಿದ್ದೆವು, ಅದಕ್ಕೆ ಕಾರಣವೂ ಇತ್ತು. 1923ರ ಆಗಸ್ಟ್‌ನ ಮಾರಿಬೊಳ್ಳ ಎಂಬ ನೆರೆಯನ್ನು ಅಜ್ಜಿ ಕಂಡಿದ್ದಳು. 1974ರ ನೆರೆ ಬಂಟ್ವಾಳ ಪೇಟೆಗೆ, ಪಾಣೆಮಂಗಳೂರಿಗೆ ನುಗ್ಗಿದ್ದನ್ನು ನಾವೇ ಕಂಡಿದ್ದೆವು. ಎರಡೂ ಬಂದದ್ದು ಈ ಮಳೆಯಲ್ಲೇ. ಮುಂಬಯಿಯ ಮಕ್ಕಳಿಗೆ ಆಡಲು ಬಿಟ್ಟ ಹೊಳೆಯನ್ನೇ ಕುವೈತ್‌ನ ಮಕ್ಕಳಿಗೆ ದೂರದಿಂದ ತೋರಿಸಿ ಹೆದರಿಸಬೇಕಾಯಿತು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿದಾಗ ದೊಡ್ಡ ತಮ್ಮನ ಹೆಂಡತಿ ಮತ್ತು ಮಕ್ಕಳು ರಜೆಗೆ ಬಂದು ನಮ್ಮಲ್ಲೇ ಇದ್ದರು. ತಮ್ಮ ಅಲ್ಲಿ. ಪಾಣೆಮಂಗಳೂರಿನ ಎಸ್‌ಟಿಡಿ ಬೂತಿನಲ್ಲಿ ಲೈನ್ ಸಿಗುತ್ತಿರಲಿಲ್ಲ. ಬೆಳಿಗ್ಗೆ ಪೇಪರಿನವನಿಗಾಗಿ ಕಾಯುತ್ತ ಗೇಟಿನ ಬಳಿ ನಿಲ್ಲುತ್ತಿದ್ದೆವು. ಅಮ್ಮಾನ್‌ನಿಂದ ಮುಂಬಯಿಗೆ ಏರ್ ಇಂಡಿಯಾ ಎರಡು ತಿಂಗಳಲ್ಲಿ 488 ವಿಮಾನ ಹಾರಿಸಿ 1,11,711 ಜನರನ್ನು ಕರೆತಂದಿತು. ಆ ಒಂದು ಲಕ್ಷದಲ್ಲಿ ಒಬ್ಬನಾಗಿ ತಮ್ಮ ಗಡ್ಡ ಬಿಟ್ಟುಕೊಂಡು, ಒಂದು ಕೈಚೀಲ ಹಿಡಿದು ಬಂದ. ಮಕ್ಕಳನ್ನು ಇಲ್ಲಿಯ ಶಾಲೆಗೇ ಸೇರಿಸಿದೆವು.

ಆ ವರ್ಷ ಮನೆಯಲ್ಲಿ ದುಡ್ಡಿಗೆ ಬಹಳ ಕಷ್ಟವಾಯಿತು. ಆದರೂ ಮಕ್ಕಳ ಮಟ್ಟಿಗೆ ಅದನ್ನು ನಾನು ಒಳ್ಳೆಯ ವರ್ಷ ಎಂದೇ ಹೇಳುತ್ತೇನೆ. ಮಳೆ ನಿಂತು ಅಂಗಳದ ಪಾಚಿ ಒಣಗಿದ್ದನ್ನು, ಸೆಗಣಿ ಸಾರಿಸಿ ಅಡಿಕೆ ಹರಡಿದ್ದನ್ನು, ದಸರಾಕ್ಕೆ ಮನೆಬಾಗಿಲಿಗೆ ಹುಲಿವೇಷ ಬಂದದ್ದನ್ನು, ಮಾಗಿಯ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕೂತದ್ದನ್ನು ಅವರು ಮೊದಲ ಸಲ ನೋಡಿದರು. ಮುಂದಿನ ದಸರಾಕ್ಕೆ ಮಂಗಳೂರಿನ ಕುದ್ರೋಳಿಗೆ ಕರೆದುಕೊಂಡು ಹೋದೆವು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ಕ್ಷೇತ್ರ ಆಗಷ್ಟೇ ನವೀಕರಣಗೊಂಡಿತ್ತು. ರಾತ್ರಿಯ ಬೀದಿದೀಪದಲ್ಲಿ ಅಷ್ಟು ಜನ ಒಟ್ಟಿಗೆ ತುಳು ಮಾತಾಡುತ್ತಿದ್ದದ್ದನ್ನು ಕೇಳಿ ದೊಡ್ಡವಳು ನನ್ನ ಕೈ ಬಿಟ್ಟು ಮುಂದೆ ನಡೆದಳು. ಕುವೈತ್ ಬಿಡುಗಡೆಯಾದ ಮೇಲೆ ತಮ್ಮ ವಾಪಸು ಹೋದ, ಕೆಲಕಾಲದ ಬಳಿಕ ಸಂಸಾರವೂ ಹೋಯಿತು. ಯುದ್ಧದ ವರ್ಷ ಇಲ್ಲಿ ಶಾಲೆಗೆ ಹೋದ ಈ ಮಕ್ಕಳು ನಮ್ಮೊಂದಿಗೆ ಮಾತಾಡುವ ಧಾಟಿಯೇ ಬೇರೆ, ಉಳಿದ ಗಲ್ಫ್ ಮಕ್ಕಳದೇ ಬೇರೆ.

ಗಲ್ಫ್ ಮಕ್ಕಳು ರಜೆಗಷ್ಟೇ ಅಲ್ಲ, ಓದಲೂ ಊರಿಗೆ ಬರುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿಯ ಪ್ರಜೆ. ಗಲ್ಫ್‌ನಲ್ಲಿ ಹಾಗಿಲ್ಲ. ಹುಟ್ಟಿದ್ದು ಅಲ್ಲೇ ಆದರೂ ಪಾಸ್‌ಪೋರ್ಟ್ ಭಾರತದ್ದು, ವೀಸಾ ತಂದೆಯ ಕೆಲಸದ್ದು. ಕೆಲಸ ಮುಗಿದರೆ ಮನೆಯೂ ಮುಗಿಯಿತು. ಆದ್ದರಿಂದ ಪಿಯುಸಿಯ ಹಂತಕ್ಕೆ ಬರುವಾಗ ಮಕ್ಕಳಿಗೆ ಎಲ್ಲಿಗೆ ಎಂಬ ಪ್ರಶ್ನೆ ಏಳುತ್ತದೆ, ನಮ್ಮ ಜಿಲ್ಲೆಯವರಿಗೆ ಉತ್ತರ ಹತ್ತಿರದಲ್ಲೇ ಇರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರದ್ದು, ಕಸ್ತೂರ್ಬಾ ಮೆಡಿಕಲ್ ಕಾಲೇಜು 1955ರಲ್ಲಿ ಇಲ್ಲಿ ಶುರುವಾಯಿತು, ಕೊಣಾಜೆಯ ವಿಶ್ವವಿದ್ಯಾಲಯ 1980ರಲ್ಲಿ. ಆಮೇಲೆ ದೇರಳಕಟ್ಟೆಯ ಗುಡ್ಡಗಳ ಮೇಲೆಲ್ಲ ಕಾಲೇಜುಗಳು ಎದ್ದವು. ಎನ್‌ಆರ್‌ಐ ಸೀಟಿನ ದುಡ್ಡು ಈ ಶಹರವನ್ನು ಎಷ್ಟು ಕಟ್ಟಿತು ಎಂಬುದನ್ನು ಯಾರಾದರೂ ಕೂತು ಬರೆಯಬೇಕು. 2006ರಲ್ಲಿ ಬಜಪೆಯ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲಂತೂ ಮುಂಬಯಿಯ ನಡುದಾರಿಯೂ ತಪ್ಪಿತು.

ಸಣ್ಣ ತಮ್ಮನ ಮಗಳು 2008ರಲ್ಲಿ ಕಲಿಯಲು ಬಂದಳು. ಅಲ್ಲಿಯವರೆಗೆ ಅವಳು ಕಂಡ ಊರೆಂದರೆ ಆಟಿಯ ನರಿಕೊಂಬು, ಮಂಗಳೂರೆಂದರೆ ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಕಾರಿನ ಕಿಟಕಿಯಲ್ಲಿ ಹಾದುಹೋಗುವ ಒದ್ದೆ ರಸ್ತೆ. ನಮ್ಮ ಹಿರಿಯರಿಗೂ ಮಂಗಳೂರು ಕೋರ್ಟಿಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ ಹೋಗುವ ಜಾಗವಾಗಿತ್ತು. ಮಕ್ಕಳಿಗೆ ಊರು ತೋರಿಸುವುದೆಂದರೆ ದೇವಸ್ಥಾನ ಮತ್ತು ನೆಂಟರ ಮನೆ. ಶಹರವೂ ಅವರ ಊರೇ ಎಂದು ಯಾರೂ ಹೇಳಿರಲಿಲ್ಲ.

ಮೊದಲ ವಾರದ ಕೊನೆಗೆ ಹಾಸ್ಟೆಲಿನಿಂದ ಅವಳೊಬ್ಬಳೇ ಬಸ್ಸಿನಲ್ಲಿ ಬಂದಳು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ ಹತ್ತಿ, ಬಿ.ಸಿ.ರೋಡಿನಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಹಿಡಿದು ಸೇತುವೆ ದಾಟಿ ಮನೆಗೆ. ಅಂಗಳದಲ್ಲಿ ಚಪ್ಪಲಿ ಕಳಚುವ ಮೊದಲೇ ಮಾತು ಶುರು. "ಮಾಮಿ, ಕಂಡಕ್ಟರ್ ನನ್ನ ಹತ್ತಿರ ತುಳುವಿನಲ್ಲೇ ಮಾತಾಡಿದ! ದುಂಬು ಪೋಲೆ ಅಂದ, ನಾನು ಮುಂದೆ ಹೋದೆ!" ದುಬೈಯಲ್ಲಿ ಅವಳಿಗೆ ತುಳು ಅಡುಗೆಮನೆಯ ಭಾಷೆ, ಫ್ಲ್ಯಾಟಿನ ಬಾಗಿಲು ತೆರೆದೊಡನೆ ನಿಲ್ಲಿಸಬೇಕಾದದ್ದು. ಇಲ್ಲಿ ಅದರಲ್ಲಿ ಟಿಕೆಟು ಕೊಡುತ್ತಾರೆ, ಚಿಲ್ಲರೆಗೆ ಜಗಳವಾಡುತ್ತಾರೆ. ದುಬೈಯಲ್ಲಿ ಅಪ್ಪನ ಕಾರು, ಶಾಲೆಯ ಬಸ್ಸು ಬಿಟ್ಟು ಬೇರೆ ಗಾಡಿಯಲ್ಲಿ ಅವಳು ಒಬ್ಬಳೇ ಕೂತವಳಲ್ಲ. ಅಷ್ಟು ಎತ್ತರದ ಕಟ್ಟಡಗಳ ನಡುವೆ ಬೆಳೆದ ಹುಡುಗಿಗೆ ಶಹರದ ಬದುಕು ಕೈಗೆ ಸಿಕ್ಕಿದ್ದು ಮಂಗಳೂರಿನ ಹಂಪನಕಟ್ಟೆಯಲ್ಲಿ. ತನ್ನ ದುಡ್ಡಿನಲ್ಲಿ ಗಡ್‌ಬಡ್ ಐಸ್‌ಕ್ರೀಂ ತಿಂದು, ತಣ್ಣೀರುಬಾವಿಯ ಕಡಲಕರೆಗೆ ಗೆಳತಿಯರೊಟ್ಟಿಗೆ ಹೋಗಿ, ತಡವಾದರೆ ಕೊನೆಯ ಬಸ್ಸಿನ ಹೊತ್ತು ತಾನೇ ಲೆಕ್ಕ ಹಾಕಿ ಅವಳು ದೊಡ್ಡವಳಾದಳು. 2011ರಲ್ಲಿ 'ಒರಿಯರ್ದೊರಿ ಅಸಲ್' ಎಂಬ ತುಳು ಸಿನಿಮಾ ನೋಡಲು ನನ್ನನ್ನೂ ಎಳೆದುಕೊಂಡು ಹೋದಳು. 1971ರಲ್ಲಿ ಮೊದಲ ತುಳು ಸಿನಿಮಾ ಬಂದಾಗ ನಾನು ಶಾಲೆಯ ಹುಡುಗಿ, ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಆ ಶಹರ ಅವಳನ್ನು ಹೆದರಿಸಿದ್ದೂ ಉಂಟು. 2009ರ ಜನವರಿ 24ರಂದು ಒಂದು ಪಬ್ಬಿಗೆ ಗುಂಪು ನುಗ್ಗಿ ಹುಡುಗಿಯರನ್ನು ಎಳೆದು ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ದುಬೈಯಿಂದ ತಮ್ಮ ರಾತ್ರಿ ಫೋನ್ ಮಾಡಿ, ಅವಳನ್ನು ವಾಪಸು ಕಳಿಸು ಎಂದ. ಅವಳು ಒಪ್ಪಲಿಲ್ಲ. 2012ರ ಜುಲೈ 28ರಂದು ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಮಕ್ಕಳ ಮೇಲೆ ಮತ್ತೆ ಅಂಥದೇ ಹಲ್ಲೆ. ಊರಿನ ಮಾನ ಕಾಯುತ್ತೇವೆ ಎಂದವರು ಊರಿಗೆ ತಂದ ಅವಮಾನ ಅದು, ನನಗೆ ಇವತ್ತಿಗೂ ಸಿಟ್ಟಿದೆ. ನಡುವೆ 2010ರ ಮೇ 22. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು, ಎಂಟು ಜನ ಉಳಿದರು. ನಮ್ಮವರು ರಜೆಗೆ ಬರುತ್ತಿದ್ದದ್ದೂ ಅದೇ ದಾರಿಯಲ್ಲಿ. ಆ ಬೆಳಿಗ್ಗೆ ಜಿಲ್ಲೆಯಲ್ಲಿ ಫೋನ್ ಹಿಡಿದು ನಿಲ್ಲದ ಗಲ್ಫ್ ಮನೆ ಇದ್ದಿರಲಾರದು.

ಓದು ಮುಗಿದ ಮೇಲೆ ಅವಳು ಮಂಗಳೂರಿನಲ್ಲೇ ಕೆಲಸಕ್ಕೆ ನಿಂತಳು. 2016ರ ಬೇಸಿಗೆಯಲ್ಲಿ ಶಹರಕ್ಕೆ ನೀರಿಲ್ಲದೆ ಹಾಹಾಕಾರ. ಮಂಗಳೂರಿನ ನಲ್ಲಿಗೆ ನೀರು ಹೋಗುವುದು ತುಂಬೆಯ ಅಣೆಕಟ್ಟಿನಿಂದ. ಅದು ಬತ್ತಿದಾಗ ಮೇಲಿನ ಶಂಭೂರಿನ ಕಟ್ಟದಿಂದ ನೀರು ಬಿಡಬೇಕು, ಆ ನೀರು ನರಿಕೊಂಬನ್ನು ಹಾದೇ ತುಂಬೆಗೆ ಇಳಿಯಬೇಕು. "ಮಾಮಿ, ನೀರು ಬಿಟ್ಟರಂತೆ, ಅಲ್ಲಿ ಹೊಳೆ ಏರಿತಾ ನೋಡಿ ಹೇಳಿ" ಎಂದು ಅವಳ ಫೋನ್. ನಾನು ಕೊಡೆ ಹಿಡಿದು ಬಿಸಿಲಲ್ಲಿ ಹೊಳೆಬದಿಗೆ ಹೋಗಿ ನೋಡಿ ಬಂದು ಹೇಳಿದೆ.

ಈಗ ಅವಳೂ ಮದುವೆಯಾಗಿ ಶಾರ್ಜಾದಲ್ಲಿದ್ದಾಳೆ. ಮಗ ಅಲ್ಲಿಯ ಶಾಲೆಗೆ ಹೋಗುತ್ತಾನೆ, ದೊಡ್ಡ ರಜೆ ಈಗಲೂ ಆಟಿಯಲ್ಲೇ. ಹುಡುಗನನ್ನು ಡಿಸೆಂಬರಿನ ಸಣ್ಣ ರಜೆಯಲ್ಲಿ ಕರೆತರುವುದೆಂದು ಅವಳ ಹಟ. ಟಿಕೆಟು ದುಬಾರಿ, ಎರಡು ವಾರಕ್ಕೆ ಯಾಕೆ ಎಂದು ತಮ್ಮ. ಬಂದರೂ ನೇರ ಮನೆಗೆ ಬರಲಿ, ದೈವಕ್ಕೆ ಕೈಮುಗಿಯಲಿ ಎಂದೂ ಅವನ ಮಾತು. ಅವಳಿಗೆ ಮೊದಲು ಎರಡು ದಿನ ಮಂಗಳೂರಿನಲ್ಲಿ ಉಳಿಯಬೇಕು, ಕಾರು ಬೇಡ, ಮಗನನ್ನು ಸಿಟಿ ಬಸ್ಸಿನಲ್ಲಿ ತಿರುಗಿಸಬೇಕು, ಒಂದು ರಾತ್ರಿ ಆಟ ತೋರಿಸಬೇಕು. ನಾನು ಅವಳ ಪರ ಮಾತಾಡಿದ್ದೇನೆ. ಆ ದಿನಗಳಲ್ಲಿ ನಮ್ಮ ಹತ್ತಿರ ಎಲ್ಲಿ ಮೇಳದ ಆಟ ಇದೆ ಎಂದು ವಿಚಾರಿಸಿ ಇಡುವ ಕೆಲಸ ನನಗೆ ಹೇಳಿದ್ದಾಳೆ.